ಕಾರಿನ ಎಸಿ ತಂಪು ಕೊಡ್ತಿಲ್ವಾ? ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುಮಟಾದಿಂದ ಶಿರಸಿಗೆ ಹೊರಟಿದ್ದೆವು. ಕತಗಾಲ ದಾಟುವ ಹೊತ್ತಿಗೆ ಎಸಿ ಸಪ್ಪೆಯಾಯಿತು. ದೇವಿಮನೆ ಘಾಟಿಯಲ್ಲಿ ಬರೀ ಬಿಸಿ ಗಾಳಿ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಲೇ ಬಂಡಲದವರೆಗೆ ಬಂದಳು. ಆ ಬೇಸಿಗೆಯಲ್ಲಿ ಅಷ್ಟರೊಳಗೆ ಮೂರು ಸಲ ಗ್ಯಾಸ್ ತುಂಬಿಸಿ ಆಗಿತ್ತು. ತುಂಬಿಸಿದಾಗ ಎರಡು ವಾರ ತಂಪು, ಆಮೇಲೆ ಮತ್ತದೇ ಪಾಡು. ನಾಲ್ಕನೇ ಸಲ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ನನ್ನ ಕಥೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಗ್ಯಾಸು ಪೆಟ್ರೋಲಾ ಮಾಸ್ತರೇ, ಓಡಿದ ಹಾಗೆ ಖರ್ಚಾಗ್ಲಿಕ್ಕೆ?"

ಹೌದಲ್ವಾ! ಎಸಿ ಗ್ಯಾಸ್ ಸುಟ್ಟು ಹೋಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್ ಮೂಲಕ ವರ್ಷಗಟ್ಟಲೆಯಲ್ಲಿ ಚೂರುಪಾರು ಹೋಗಬಹುದು, ಅದು ಬೇರೆ. ವಾರಗಳಲ್ಲಿ ಖಾಲಿಯಾಯಿತು ಅಂದ್ರೆ ಎಲ್ಲೋ ತೂತಾಗಿದೆ. ಇನ್ನೊಂದು ವಿಷಯ: ಎಸಿ ತಂಪಾಗದಿದ್ದರೆ ಅರ್ಧಕ್ಕರ್ಧ ಸಲ ಗ್ಯಾಸಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಪೆಟ್ಟು ತಿಂದು ಕಲಿತವನು.

ಒಳಗೆ ನಡೆಯುವುದು ಇಷ್ಟು. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಕಳಿಸುತ್ತದೆ. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ನೀರಿನಂತಾಗುತ್ತದೆ. ಅದು ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ಕಿಂಡಿಯಿಂದ ಚಿಮ್ಮಿ ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್ ಸೇರಿದಾಗ ಒಮ್ಮೆಲೇ ತಣ್ಣಗಾಗುತ್ತದೆ. ಬ್ಲೋವರ್ ಆ ಕಾಯಿಲ್ ಮೇಲೆ ಗಾಳಿ ಊದಿ ನಮ್ಮ ಮುಖಕ್ಕೆ ಬಿಡುತ್ತದೆ. ಗ್ಯಾಸ್ ವಾಪಸ್ ಕಂಪ್ರೆಸರ್‌ಗೆ.

ಮೊದಲು: ನಿಜವಾಗಿಯೂ ಕೆಟ್ಟಿದೆಯಾ?

ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶ ಜಾಸ್ತಿ. ಎಸಿಯ ಶಕ್ತಿಯ ದೊಡ್ಡ ಪಾಲು ಆ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ. ಹಾಗಾಗಿ ಶಿರಸಿಯಲ್ಲಿ ಜುಮ್ಮೆನ್ನಿಸಿದ ಎಸಿ ಕಾರವಾರದಲ್ಲಿ ಸ್ವಲ್ಪ ಮಂದ ಅನ್ನಿಸಿದರೆ ಗಾಬರಿ ಬೇಡ. ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಕೆಲವೊಮ್ಮೆ ಡ್ಯಾಶ್‌ಬೋರ್ಡಿನ ಗಾಳಿ ಕಿಂಡಿಯಿಂದ ಬಿಳಿ ಹೊಗೆಯಂಥದ್ದು ಬರುತ್ತದೆ. ಅದು ಮಂಜು, ಹೊಗೆಯಲ್ಲ. ಸುಟ್ಟ ವಾಸನೆ ಇದ್ದರೆ ಮಾತ್ರ ಹೊಗೆ ಅಂದುಕೊಳ್ಳಿ, ತಕ್ಷಣ ಆರಿಸಿ.

ಅಳೆದು ನೋಡುವುದು ಸುಲಭ. ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತನ್ನಿ. ಕಾರನ್ನು ಬಯಲಲ್ಲಿ, ನೆರಳಿನಲ್ಲಿ ನಿಲ್ಲಿಸಿ. ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಬೇಡಿ, ಆ ಹೊಗೆಯಲ್ಲಿರುವ ವಾಸನೆಯಿಲ್ಲದ ವಿಷಗಾಳಿ ಜೀವ ತೆಗೆಯುತ್ತದೆ. ಕಿಟಕಿ ಮುಚ್ಚಿ, ಎಸಿ ಫುಲ್, ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ, ಬ್ಲೋವರ್ ಎರಡರಲ್ಲಿ ಇಡಿ. ಹತ್ತು ನಿಮಿಷ ಬಿಟ್ಟು ನಡುವಿನ ಕಿಂಡಿಯಲ್ಲಿ ಅಳೆಯಿರಿ. ಹೊರಗೆ 32, 33 ಡಿಗ್ರಿ ಇರುವಾಗ ಅಲ್ಲಿ 10 ಡಿಗ್ರಿ ಆಸುಪಾಸು ಬಂದರೆ ಚಿಂತೆ ಇಲ್ಲ. 18, 20ರಲ್ಲೇ ನಿಂತರೆ ಮುಂದೆ ಓದಿ.

ಬಿಸಿ-ತಂಪಿನ ತಿರುಗಣೆ ಪೂರ್ತಿ ನೀಲಿ ಕಡೆ ಇದೆಯೇ ಅಂತಲೂ ನೋಡಿ. ನಗಬೇಡಿ. ಮಕ್ಕಳು ತಿರುಗಿಸಿಟ್ಟಿದ್ದನ್ನು ನೋಡದೆ ನಾನೇ ಒಮ್ಮೆ ಗ್ಯಾರೇಜಿಗೆ ಹೋಗಿ ಬಂದಿದ್ದೇನೆ.

ಗಾಳಿಯೇ ಸರಿಯಾಗಿ ಬರ್ತಿಲ್ಲ

ಕ್ಯಾಬಿನ್ ಫಿಲ್ಟರ್ ನೋಡಿ. ತುಂಬ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆಯೇ ಇರುತ್ತದೆ. ಸ್ಕ್ರೂಡ್ರೈವರ್ ಕೂಡ ಬೇಕಾಗದಿರಬಹುದು. ಮಳೆಗಾಲ ಮುಗಿದ ಮೇಲೆ ನನ್ನ ಕಾರಿನ ಫಿಲ್ಟರ್ ತೆಗೆದಾಗ ಕೊಳೆತ ಎಲೆ, ಕರಿ ಬೂಸ್ಟು, ಎರಡು ಸತ್ತ ಜಿರಳೆ ಸಿಕ್ಕಿದ್ದವು. ಕಾಗದದ ಫಿಲ್ಟರನ್ನು ತೊಳೆದು ಹಾಕಬೇಡಿ, ಹೊಸದು ಹಾಕಿ. ಅದಕ್ಕೆ ಕೆಲವು ನೂರು ರೂಪಾಯಿ ಸಾಕು.

ಬ್ಲೋವರ್ ನಾಲ್ಕರಲ್ಲಿ ಮಾತ್ರ ಓಡುತ್ತದೆ, ಒಂದು ಎರಡು ಮೂರರಲ್ಲಿ ಸುಮ್ನೆ ಕೂತಿದೆ ಅಂದ್ರೆ ಬ್ಲೋವರ್ ವೇಗ ತಗ್ಗಿಸುವ ರೆಸಿಸ್ಟರ್ ಹೋಗಿದೆ. ಮೋಟರ್ ಸರಿಯೇ ಇದೆ. ಯಾರಾದರೂ ಮೋಟರ್ ಬದಲಿಸಬೇಕು ಅಂದರೆ ಮೊದಲು ಈ ಮಾತು ಎತ್ತಿ. ಯಾವ ಸ್ಪೀಡಿನಲ್ಲೂ ಓಡದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಇನ್ನೊಂದು ಹಾಕಿ. ಅದೂ ಸುಟ್ಟರೆ ನಿಲ್ಲಿಸಿ, ಇಲೆಕ್ಟ್ರಿಷಿಯನ್ ಹತ್ತಿರ ಹೋಗಿ. ದೊಡ್ಡ ಫ್ಯೂಸ್, ತಂತಿ ತುಂಡು, ಸಿಗರೇಟ್ ಬೆಳ್ಳಿ ಕಾಗದ ಇವೆಲ್ಲ ಕಾರು ಸುಡುವ ದಾರಿಗಳು.

ಇನ್ನೊಂದು ವಿಚಿತ್ರ ಇದೆ. ಹೊರಟಾಗ ಗಾಳಿ ಜೋರು, ತಂಪೂ ಚೆನ್ನಾಗಿದೆ. ಭಟ್ಕಳ ಮುಟ್ಟುವ ಹೊತ್ತಿಗೆ ಬ್ಲೋವರ್ ಸದ್ದು ಅಷ್ಟೇ ಇದ್ದರೂ ಗಾಳಿ ಬರುವುದಿಲ್ಲ. ಎಸಿ ಆರಿಸಿ ಬ್ಲೋವರ್ ಮಾತ್ರ ಬಿಟ್ಟರೆ ಕಾಲು ಗಂಟೆಯಲ್ಲಿ ಸರಿಹೋಗುತ್ತದೆ. ಇದು ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ ಲಕ್ಷಣ. ಕಟ್ಟಿದ ಫಿಲ್ಟರ್, ಕಾಯಿಲ್ ಬಳಿಯ ಸೆನ್ಸರ್, ಕಡಿಮೆಯಾದ ಗ್ಯಾಸ್, ಮೂರರಲ್ಲಿ ಯಾವುದೂ ಇರಬಹುದು. ಫಿಲ್ಟರ್ ನಿಮ್ಮ ಕೆಲಸ, ಉಳಿದೆರಡು ಮೆಕ್ಯಾನಿಕ್ ಕೆಲಸ.

ಗಾಳಿ ಬರುತ್ತೆ, ತಂಪೇ ಇಲ್ಲ

ಕಿವಿ ಕೊಡಿ. ಎಂಜಿನ್ ಓಡುತ್ತಿರುವಾಗ ಇನ್ನೊಬ್ಬರಿಗೆ ಎಸಿ ಬಟನ್ ಒತ್ತಲು ಹೇಳಿ, ನೀವು ಬಾನೆಟ್ ತೆರೆದು ದೂರ ನಿಲ್ಲಿ. 'ಟಕ್' ಅಂತ ಸದ್ದಾಗಬೇಕು, ಎಂಜಿನ್ ಸ್ವಲ್ಪ ಭಾರವಾಗಬೇಕು, ಕಂಪ್ರೆಸರ್ ಮುಂದಿನ ತಟ್ಟೆ ಬೆಲ್ಟಿನ ಜೊತೆ ತಿರುಗಬೇಕು. ಕೆಲವು ಹೊಸ ಕಾರುಗಳ ಕಂಪ್ರೆಸರ್‌ಗೆ ಬೆಲ್ಟಿಗೆ ಹಿಡಿಸಿ ಬಿಡುವ ಕ್ಲಚ್ ಇರುವುದಿಲ್ಲ, ಅಲ್ಲಿ ಟಕ್ ಸದ್ದು ಹುಡುಕಬೇಡಿ. ಲುಂಗಿ, ಶಾಲು, ಇಳಿಬಿದ್ದ ಜಡೆ ಬೆಲ್ಟಿನ ಹತ್ತಿರ ಬರದಿರಲಿ.

ಟಕ್ ಇಲ್ಲವೇ? ಫ್ಯೂಸ್ ನೋಡಿ, ಆಮೇಲೆ ರಿಲೇ, ಅಂದ್ರೆ ಕರೆಂಟ್ ಹಾಯಿಸುವ, ಕಡಿಯುವ ಸಣ್ಣ ಸ್ವಿಚ್ ಡಬ್ಬಿ. ಎಂಜಿನ್ ಆರಿಸಿ, ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಹೆಚ್ಚಾಗಿ ಹಾರ್ನಿನದ್ದು, ಅದಲು ಬದಲು ಮಾಡಿ ನೋಡಿ. ಎಸಿ ಬಂತು, ಹಾರ್ನ್ ಹೋಯಿತು ಅಂದ್ರೆ ಕಳ್ಳ ಸಿಕ್ಕ.

ಎರಡೂ ಸರಿ ಇದ್ದರೆ ವೈರ್ ನೋಡಿ. ಶಿರಸಿಯಲ್ಲಿ ಮಾವನ ಮನೆಗೆ ಹೋದಾಗ ಕಾರನ್ನು ಅಡಕೆ ಚೀಲ ಪೇರಿಸಿದ ಕೊಟ್ಟಿಗೆ ಮಗ್ಗುಲಲ್ಲಿ ನಿಲ್ಲಿಸುತ್ತೇನೆ. ಒಂದು ಬೆಳಿಗ್ಗೆ ಎಸಿ ಸತ್ತಿತ್ತು. ಕಂಡೆನ್ಸರ್ ಹತ್ತಿರದ ಪ್ರೆಶರ್ ಸ್ವಿಚ್‌ಗೆ ಹೋಗುವ ಎರಡು ವೈರುಗಳಲ್ಲಿ ಒಂದು ತುಂಡಾಗಿತ್ತು. ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಪಕ್ಕದಲ್ಲಿ ನಾಲ್ಕು ಹಿಕ್ಕೆ. ಮಾವ ಬಗ್ಗಿ ನೋಡಿ, "ಇಲಿಗೆ ಅಡಕೆಗಿಂತ ನಿನ್ನ ವೈರೇ ರುಚಿ ಕಾಣ್ತು ಮಾರಾಯಾ" ಅಂದರು. ವೈರ್ ಜೋಡಿಸಿ ಟೇಪ್ ಸುತ್ತಿದ್ದಕ್ಕೆ ಖರ್ಚಾಗಿದ್ದು ಒಂದು ಚಹಾ.

ಆ ಪ್ರೆಶರ್ ಸ್ವಿಚ್ಚಿಗೆ ಒಂದು ಮುಖ್ಯ ಕೆಲಸ ಇದೆ. ಗ್ಯಾಸ್ ತೀರಾ ಕಡಿಮೆಯಾದರೆ ಕಂಪ್ರೆಸರ್ ಓಡಲು ಬಿಡುವುದಿಲ್ಲ. ಗ್ಯಾಸಿನ ಜೊತೆ ಸುತ್ತುವ ಎಣ್ಣೆಯೇ ಕಂಪ್ರೆಸರ್‌ಗೆ ಜೀವ, ಒಣಗಿ ಓಡಿದರೆ ಅದು ಹಿಡಿದುಕೊಳ್ಳುತ್ತದೆ. ಅದಕ್ಕೇ ಸ್ವಿಚ್ಚನ್ನು ತಪ್ಪಿಸಿ ನೇರ ವೈರ್ ಕೊಟ್ಟು ಓಡಿಸುವ ಸಾಹಸ ಬೇಡ.

ಟಕ್ ಅನ್ನುತ್ತದೆ, ಕೆಲವು ಸೆಕೆಂಡಿಗೇ ಬಿಡುತ್ತದೆ, ಮತ್ತೆ ಟಕ್. ಇದು ಹೆಚ್ಚಾಗಿ ಗ್ಯಾಸ್ ಕಮ್ಮಿಯಾದ ಸೂಚನೆ.

ಕಂಪ್ರೆಸರ್ ಚೆನ್ನಾಗಿ ಓಡುತ್ತಿದ್ದೂ ತಂಪಿಲ್ಲವಾದರೆ ಪೈಪು ಮುಟ್ಟಿ ನೋಡುವ ಪರೀಕ್ಷೆ ಇದೆ. ಐದು ನಿಮಿಷ ಎಸಿ ಓಡಿಸಿ, ಎಂಜಿನ್ ಆರಿಸಿ, ಕ್ಯಾಬಿನ್ ಕಡೆಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪು ಹುಡುಕಿ. ದಪ್ಪದ್ದು ಹುಳಿ ಸೋಡಾ ಬಾಟಲಿಯ ಹಾಗೆ ತಣ್ಣಗೆ ಬೆವರಿರಬೇಕು. ತೆಳುವಾದದ್ದು ಬೆಚ್ಚಗಿರಬೇಕು. ಬೆರಳ ತುದಿಯಿಂದ ಮುಟ್ಟಿ, ಹಿಡಿಯಬೇಡಿ. ದಪ್ಪ ಪೈಪು ಬೆವರುತ್ತಿದೆ, ಒಳಗೆ ಮಾತ್ರ ಬಿಸಿ ಗಾಳಿ ಅಂದ್ರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಹೀಟರ್ ಕಡೆಯ ಗಾಳಿ ಬೆರೆಸುವ ಫ್ಲ್ಯಾಪ್ ಸಿಕ್ಕಿಕೊಂಡಿದೆ ಅಥವಾ ಅದರ ಕೇಬಲ್ ಕಳಚಿದೆ. ಇದಕ್ಕೆ ಎಷ್ಟು ಗ್ಯಾಸ್ ತುಂಬಿದರೂ ಪ್ರಯೋಜನ ಇಲ್ಲ.

ಓಡುವಾಗ ತಂಪು, ನಿಂತರೆ ಬಿಸಿ

ಹೈವೇಯಲ್ಲಿ ಎಲ್ಲ ಚೆಂದ. ಮಾಜಾಳಿ ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಂತ ಕೂಡಲೇ ಬೆವರು. ಇದು ಬಹುಪಾಲು ಕಂಡೆನ್ಸರ್ ಫ್ಯಾನಿನ ತಕರಾರು. ಓಡುವಾಗ ಎದುರು ಗಾಳಿ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಬಣ್ಣ ಬಯಲಾಗುತ್ತದೆ. ಎಸಿ ಹಾಕಿ ಸ್ವಲ್ಪ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತಿರುಗಬೇಕು. ದೂರದಿಂದ ನೋಡಿ. ಎಂಜಿನ್ ಆರಿಸಿದ್ದರೂ ಬಿಸಿಯಿದ್ದರೆ ಕೆಲವು ಕಾರುಗಳಲ್ಲಿ ಫ್ಯಾನ್ ತಾನೇ ಶುರುವಾಗುತ್ತದೆ, ಬೆರಳು ಹಾಕಿ ತಿರುಗಿಸಿ ನೋಡುವ ಕೆಲಸ ಬೇಡ.

ಫ್ಯಾನ್ ಸರಿ ಇದ್ದರೆ ಕಂಡೆನ್ಸರ್ ಮುಖ ನೋಡಿ. ಹುಳು, ಕೆಸರು, ಕೆಂಪು ಧೂಳು ಕಟ್ಟಿರುತ್ತದೆ. ಎಂಜಿನ್ ತಣಿದ ಮೇಲೆ ತೋಟದ ಪೈಪಿನಲ್ಲಿ ಮೆತ್ತಗೆ ನೀರು ಬಿಡಿ. ವಾಶಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಆ ತೆಳು ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ. ಬೀಚಿಗೆ ಹೋಗಿ ಬಂದ ಮೇಲೆ ಸಿಹಿ ನೀರಿನಲ್ಲಿ ಹೀಗೆ ತೊಳೆಯುವುದನ್ನು ನಾನಂತೂ ರೂಢಿ ಮಾಡಿಕೊಂಡಿದ್ದೇನೆ.

ಘಾಟಿಯಲ್ಲಿ ಮಾತ್ರ ತಂಪು ಹೋಗುತ್ತದೆ ಅನ್ನುವವರಿಗೆ ಎರಡು ಮಾತು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಣ್ಣ ಎಂಜಿನ್ ಕಾರುಗಳು ಎಸಿಯನ್ನು ಕೆಲ ಕ್ಷಣ ತಾವೇ ಬಿಡುತ್ತವೆ, ಅದು ದೋಷವಲ್ಲ. ಆದರೆ ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ಎಂಜಿನ್ ಕಾದು ಎಸಿ ಕಡಿದಿದೆ ಅಂತ ಅರ್ಥ. ಕಾರು ಪಕ್ಕಕ್ಕೆ ಹಾಕಿ ಆರಿಸಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಅದು ಎಂಜಿನ್ ತಣಿಸುವ ಕೂಲಂಟ್ ಕಡೆಯ ಕಾಯಿಲೆ, ಎಸಿಯವನ ಹತ್ತಿರ ಮದ್ದಿಲ್ಲ.

ಗ್ಯಾಸ್ ತುಂಬಿಸಿದ ಮೇಲೆ ಕೆಲವು ವಾರ ಮಾತ್ರ ತಂಪು

ನನ್ನ ಕಾರಿನ ಕಾಯಿಲೆ ಇದೇ ಆಗಿತ್ತು. ಆ ಹಿರಿಯರು ಬಂಪರ್ ಸಂದಿಯಿಂದ ಟಾರ್ಚ್ ಬಿಟ್ಟರು. ಕಂಡೆನ್ಸರಿನ ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಕಪ್ಪು ಜಿಡ್ಡು, ಅದರ ಮೇಲೆ ಧೂಳು ಕಚ್ಚಿಕೊಂಡಿತ್ತು. ಹಳೇ ಪೇಪರ್ ತುಂಡಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಕಾಗದ ಎಣ್ಣೆಯಲ್ಲಿ ಕರಿದ ಹಪ್ಪಳ ಇಟ್ಟ ಹಾಗೆ ಪಾರದರ್ಶಕವಾಗಿತ್ತು. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಸೋರುವಾಗ ಜೊತೆಯಲ್ಲಿ ಎಣ್ಣೆಯನ್ನೂ ತರುತ್ತದೆ. ಆ ಜಿಡ್ಡೇ ಗುರುತು. ಉಗುರಿನಿಂದ ಅಲ್ಲಿನ ರೆಕ್ಕೆ ಕೆರೆದರೆ ಬಿಳಿ ಪುಡಿಯಾಗಿ ಉದುರಿತು. ಸಮುದ್ರದ ಉಪ್ಪು ತಿಂದ ಅಲ್ಯೂಮಿನಿಯಂ ಹಾಗೇ ಆಗುವುದು. ನಮ್ಮ ಮನೆಯಿಂದ ಸಮುದ್ರಕ್ಕೆ ಕೂಗಳತೆ ದೂರ.

ನೀವೂ ನೋಡಬಹುದಾದ ಜಾಗಗಳು: ಕಂಡೆನ್ಸರ್ ಮೂಲೆಗಳು, ಪೈಪು ಕೂಡುವ ನಟ್ಟುಗಳ ಸುತ್ತ, ಕಂಪ್ರೆಸರಿನ ಮುಂಭಾಗ, ಗ್ಯಾಸ್ ತುಂಬುವ ಎರಡು ಬಾಯಿಗಳು. ಆ ಬಾಯಿಗಳ ಪ್ಲಾಸ್ಟಿಕ್ ಮುಚ್ಚಳ ಬಿದ್ದುಹೋಗಿದ್ದರೆ ಒಳಗೆ ಉಪ್ಪು, ಮಣ್ಣು ಸೇರಿ ವಾಲ್ವ್ ಸೋರುತ್ತದೆ. ಸೋಪಿನ ನೊರೆ ಹಚ್ಚಿದರೆ ದೊಡ್ಡ ಸೋರಿಕೆ ಮಾತ್ರ ಗುಳ್ಳೆ ಬಿಡುತ್ತದೆ. ಸಣ್ಣದಕ್ಕೆ ನೀಲಿ ಟಾರ್ಚಿನಲ್ಲಿ ಹೊಳೆಯುವ ಬಣ್ಣ ಬಿಡುವುದು, ಇಲ್ಲವೇ ಗ್ಯಾಸ್ ಮೂಸುವ ಯಂತ್ರ ಹಿಡಿಯುವುದು, ಇಲ್ಲವೇ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಅಂತ ಕಾಯುವುದು. ಎಲ್ಲೂ ಜಿಡ್ಡು ಕಾಣದೆ ಗ್ಯಾಸ್ ಮಾತ್ರ ಹೋಗುತ್ತಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ. ಅದಕ್ಕೆ ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಮಜೂರಿಯೇ ಜಾಸ್ತಿ.

ಇಲ್ಲಿಂದ ಮುಂದೆ ನಿಮ್ಮ ಕೈ ಹಿಂದಕ್ಕೆ. ಕಾರಿನ ಟೈರಿನಲ್ಲಿ 30 ಚಿಲ್ಲರೆ ಪಿಎಸ್‌ಐ ಗಾಳಿ ಇರುತ್ತದೆ. ಎಸಿ ಓಡುವಾಗ ತೆಳು ಪೈಪಿನಲ್ಲಿ 200 ದಾಟುವುದು ನಮ್ಮ ಸೆಕೆಗೆ ಮಾಮೂಲು. ಕಾರಿನ ಎಸಿಗೆ ಸಾಮಾನ್ಯವಾಗಿ ಹಾಕುವ ಆರ್-134ಎ ಗ್ಯಾಸ್ ಹೊರಗೆ ಬಂದರೆ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ. ಚರ್ಮಕ್ಕೆ ತಗುಲಿದರೆ ಹಿಮಗಾಯ, ಕಣ್ಣಿಗೆ ತಗುಲಿದರೆ ಬಹಳ ಹೊತ್ತು ನೀರು ಹಾಕುತ್ತ ಸೀದಾ ಆಸ್ಪತ್ರೆ. ಬೆಂಕಿಗೆ ಸಿಕ್ಕಿದರೆ ಅದು ವಿಷದ ಹೊಗೆಯಾಗುತ್ತದೆ, ಹತ್ತಿರ ಬೀಡಿ, ವೆಲ್ಡಿಂಗ್ ಇರಬಾರದು. ಆಕ್ಸಿಜನ್ ತುಂಬಿ ಸೋರಿಕೆ ಹುಡುಕಲು ಯಾರಾದರೂ ಹೊರಟರೆ ಅಲ್ಲಿಂದ ಎದ್ದು ಬನ್ನಿ, ಎಣ್ಣೆ ಜೊತೆ ಸೇರಿ ಸಿಡಿಯುತ್ತದೆ. ಸುಮ್ನೆ ಗಾಳಿಗೆ ಬಿಡುವುದೂ ತಪ್ಪೇ. ಭೂಮಿ ಕಾಯಿಸುವುದರಲ್ಲಿ ಈ ಗ್ಯಾಸ್ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು.

ಗೇಜ್ ಹಾಕಿದಾಗ ಪಕ್ಕದಲ್ಲಿ ನಿಂತು ನೋಡಿ

ಎಂಜಿನ್ ಆರಿಸಿ ತಣಿದಾಗ ನೀಲಿ (ಕಡಿಮೆ ಒತ್ತಡದ ಕಡೆಯದು), ಕೆಂಪು (ಹೆಚ್ಚು ಒತ್ತಡದ ಕಡೆಯದು) ಎರಡೂ ಗೇಜ್ ಒಂದೇ ಒತ್ತಡ ತೋರಿಸುತ್ತವೆ. 30 ಡಿಗ್ರಿ ಸೆಕೆಯಲ್ಲಿ 95 ಪಿಎಸ್‌ಐ ಹತ್ತಿರ. ಇದನ್ನು ತೋರಿಸಿ "ಗ್ಯಾಸ್ ಫುಲ್ ಇದೆ" ಅಂದರೆ ನಂಬಬೇಡಿ. ಅಡುಗೆ ಸಿಲಿಂಡರಿನ ಹಾಗೆ, ಕೊನೆಯ ಲೋಟ ದ್ರವ ಇರುವವರೆಗೂ ಒತ್ತಡ ಅಷ್ಟೇ ಇರುತ್ತದೆ. ಓಡಿಸಿ ನೋಡಿದಾಗಲೇ ಕಥೆ ಗೊತ್ತಾಗುವುದು. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಮ್ಮಿ. ಎರಡೂ ವಿಪರೀತ ಹೆಚ್ಚಿದ್ದರೆ ಗ್ಯಾಸ್ ಜಾಸ್ತಿ ತುಂಬಿದ್ದಾರೆ ಅಥವಾ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ. ನೀಲಿ ಮೇಲೆ, ಕೆಂಪು ಕೆಳಗೆ ಇದ್ದರೆ ಕಂಪ್ರೆಸರ್ ಸೋತಿದೆ. ನೀಲಿ ಮುಳ್ಳು ಸೊನ್ನೆಗಿಂತ ಕೆಳಗೆ ಎಳೆದರೆ ಎಕ್ಸ್‌ಪಾನ್ಶನ್ ವಾಲ್ವ್ ಹತ್ತಿರ ಕಟ್ಟಿಕೊಂಡಿದೆ.

ಸೋರಿಕೆ ಸರಿಮಾಡಿದ ಮೇಲೆ ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ ಓಡಬೇಕು. ಒಳಗಿನ ತೇವ ಹೋಗುವುದು ಹಾಗೇ, ನಮ್ಮ ಮಳೆಗಾಲದಲ್ಲಂತೂ ಇನ್ನೂ ಸ್ವಲ್ಪ ಹೊತ್ತು ಬಿಡಲಿ. ಸಿಸ್ಟಮ್ ಬಹಳ ದಿನ ತೆರೆದು ಬಿದ್ದಿದ್ದರೆ ಒಳಗಿನ ತೇವ ಹೀರುವ ಡ್ರೈಯರ್ ಬದಲಿಸಬೇಕು. ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ, ಯಾವ ಗ್ಯಾಸ್ ಅನ್ನುವುದು ಬಾನೆಟ್ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಅಂದಾಜಿಗೆ ಹಾಕಿ ಕೈಯಿಟ್ಟು "ತಂಪು ಬಂತು ನೋಡಿ" ಅನ್ನುವವರಿಂದಲೇ ನಾನು ಮೂರು ಸಲ ಕೆಟ್ಟಿದ್ದು. ಡಬ್ಬಿಯನ್ನೂ ನೋಡಿ. ಅಡುಗೆ ಗ್ಯಾಸ್ ಜಾತಿಯ ಅಗ್ಗದ ಮಿಶ್ರಣವೂ ತಂಪು ಕೊಡುತ್ತದೆ, ಆದರೆ ಹೊತ್ತಿಕೊಳ್ಳುತ್ತದೆ. ಚೀಟಿಯಲ್ಲಿ ಆರ್-1234ವೈಎಫ್ ಅಂತ ಬೇರೆ ಗ್ಯಾಸಿನ ಹೆಸರು ಇದ್ದರೆ 134ಎ ತುಂಬಿಸಬೇಡಿ.

ಎಸಿ ಹಾಕಿದರೆ ಸದ್ದು

ಕಿರ್ ಅಂತ ಕಿರುಚಿದರೆ ಬೆಲ್ಟ್ ಸಡಿಲ ಅಥವಾ ಸವೆದಿದೆ. ಎಸಿ ಆರಿಸಿದಾಗಲೂ ಗೊರಗೊರ ಇದ್ದರೆ ಪುಲ್ಲಿ ಬೇರಿಂಗ್. ಎಸಿ ಹಾಕಿದಾಗ ಮಾತ್ರ ಕಲ್ಲು ಅರೆದಂತೆ ಸದ್ದು ಬಂದರೆ ಮತ್ತೆ ಹಾಕಲೇಬೇಡಿ. ಕಂಪ್ರೆಸರ್ ಒಡೆದರೆ ಲೋಹದ ಚೂರು ಎಲ್ಲ ಪೈಪಿಗೂ ಹರಡುತ್ತದೆ. ಎಲ್ಲದಕ್ಕೂ ಒಂದೇ ಬೆಲ್ಟ್ ಇರುವ ಕಾರಿನಲ್ಲಿ ಕಂಪ್ರೆಸರ್ ಹಿಡಿದುಕೊಂಡರೆ ಬೆಲ್ಟ್ ಕಡಿದು ಬ್ಯಾಟರಿ ಚಾರ್ಜಿಂಗೂ ನಿಲ್ಲುತ್ತದೆ. ಅರಬೈಲ್ ಘಾಟಿ ನಡುವೆ ಹಾಗಾಗುವುದು ಬೇಡ.

ಮಳೆಗಾಲದ ಕಿರಿಕಿರಿ

ಒದ್ದೆ ಗೋಣಿಯ ವಾಸನೆ ಬಂದರೆ ಕಾಯಿಲ್ ಮೇಲೆ ಬೂಸ್ಟು ಬೆಳೆದಿದೆ. ಮನೆ ಮುಟ್ಟುವ ಎರಡು ಮೂರು ನಿಮಿಷ ಮುಂಚೆ ಎಸಿ ಆರಿಸಿ, ಹೊರಗಿನ ಗಾಳಿಗೆ ಹಾಕಿ ಬ್ಲೋವರ್ ಮಾತ್ರ ಓಡಿಸಿ. ಸುಗಂಧದ ಡಬ್ಬಿ ನೇತು ಹಾಕಿದರೆ ಎರಡು ವಾಸನೆ ಆಗುತ್ತದೆ ಅಷ್ಟೇ.

ಎಡಗಡೆ ಮುಂದಿನ ಮ್ಯಾಟ್ ಒದ್ದೆ, ಕಾರಿನ ಕೆಳಗೆ ನೀರು ಬೀಳುತ್ತಿಲ್ಲ ಅಂದ್ರೆ ಡ್ರೇನ್ ಪೈಪು ಕಟ್ಟಿದೆ. ಕೆಳಗಿನಿಂದ ಮೆತ್ತಗೆ ಊದಿದರೆ ಅಥವಾ ಬಗ್ಗುವ ಪ್ಲಾಸ್ಟಿಕ್ ಕಡ್ಡಿ ಆಡಿಸಿದರೆ ಸಾಕು, ಬೊಗಸೆ ನೀರು ಸುರಿಯುತ್ತದೆ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ತೂರಬೇಡಿ. ಮ್ಯಾಟಿನ ನೀರು ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲಂಟ್. ಹೀಟರ್ ಸೋರುತ್ತಿದೆ, ಮಕ್ಕಳು, ನಾಯಿ ಮುಟ್ಟದಂತೆ ಒರೆಸಿ ಗ್ಯಾರೇಜಿಗೆ ಒಯ್ಯಿರಿ.

ಇಲೆಕ್ಟ್ರಿಕ್, ಹೈಬ್ರಿಡ್ ಕಾರು ಇಟ್ಟವರು ಫಿಲ್ಟರ್ ಬದಲಿಸುವುದು, ಕಂಡೆನ್ಸರ್ ತೊಳೆಯುವುದು, ಇಷ್ಟಕ್ಕೇ ಕೈ ನಿಲ್ಲಿಸಿ. ಅಲ್ಲಿ ಕಂಪ್ರೆಸರ್ ಓಡುವುದು ನೂರಾರು ವೋಲ್ಟಿನಲ್ಲಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಬೇಡಿ. ಅದಕ್ಕೆ ಹಾಕುವ ಎಣ್ಣೆಯೂ ಬೇರೆ, ಕಲಿತವರೇ ಮಾಡಬೇಕು.

ನನ್ನ ಕಾರಿಗೆ ಹೊಸ ಕಂಡೆನ್ಸರ್ ಬಿತ್ತು. ಮೂರು ಸಲ ಗ್ಯಾಸಿಗೆ ಸುರಿದ ದುಡ್ಡು ಲೆಕ್ಕ ಹಾಕಿದರೆ ಅದರಲ್ಲೇ ಅರ್ಧ ಬರುತ್ತಿತ್ತು. ಹಳೆಯದನ್ನು ಕೇಳಿ ತಂದೆ. ಈಗ ಅದು ಹಿತ್ತಿಲಲ್ಲಿ ಬಿದ್ದಿದೆ, ಅಮ್ಮ ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿಸಿದ್ದಾಳೆ.